ಮಂಗಳೂರು, ಉಡುಪಿ ಕಡೆ ಮನೆ ನೋಡ್ತಿದ್ದೀರಾ? ಅಡ್ವಾನ್ಸ್ ಕೊಡುವ ಮೊದ್ಲು ತೋಡು, ಬರೆ, ಬಾವಿ, ಕಡಲು ನೋಡಿ

2018ರ ಮೇ 29ಕ್ಕೆ ನಮ್ಮ ಮನೆಗೆ ನೀರು ಬಂದದ್ದು ಬಾಗಿಲಿಂದ ಅಲ್ಲ, ಬಚ್ಚಲಿನ ತೂತಿನಿಂದ. ಆಗ ಕೊಟ್ಟಾರಚೌಕಿ ಹತ್ರ ಗ್ರೌಂಡ್ ಫ್ಲೋರ್‌ನಲ್ಲಿ ಬಾಡಿಗೆಗಿದ್ವಿ. ಬೆಳಿಗ್ಗೆಯಿಂದ ಒಂದೇ ಸಮ ಮಳೆ, ನಾನು ಆಫೀಸಲ್ಲಿ, ಹೆಂಡ್ತಿ ಫೋನ್ ಮಾಡಿ "ಮಾರಾಯ್ರೆ, ಬಚ್ಚಲಿನ ನೀರು ಕೆಳಗೆ ಹೋಗುದಿಲ್ಲ, ಮೇಲೆ ಬರ್ತಾ ಉಂಟು" ಅಂದ್ಳು. ನಾನು ದೊಡ್ಡ ಎಂಜಿನಿಯರ್ ಥರ "ಕೂದಲು ಸಿಕ್ಕಿರ್ಬೇಕು, ಒಂದು ಕೋಲು ಹಾಕಿ ನೋಡು" ಅಂತ ಹೇಳಿ ಫೋನ್ ಇಟ್ಟೆ. ಅರ್ಧ ಗಂಟೆ ಕಳಿಯುವಾಗ ಇನ್ವರ್ಟರ್ ಬ್ಯಾಟರಿ ಮುಳುಗಿ ಆಗಿತ್ತು, ಫ್ರಿಜ್ ಮೆಲ್ಲ ವಾಲ್ತಾ ಇತ್ತು, ಮಗಳ ಸ್ಕೂಲ್ ಬ್ಯಾಗ್ ಹಾಲ್‌ನಲ್ಲಿ ತೇಲ್ತಾ ಇತ್ತು. ಆ ಮನೆ ನಾವು ನೋಡಿದ್ದು ಡಿಸೆಂಬರಿನಲ್ಲಿ. ಚಂದ ಬಿಸಿಲು, ಹೊಸ ಪೇಂಟ್, ಅಂಗಳದಲ್ಲಿ ದಾಸವಾಳ, ಬಾಡಿಗೆಯೂ ಕಮ್ಮಿ. ಯಾಕೆ ಕಮ್ಮಿ ಅಂತ ಕೇಳ್ಲಿಕ್ಕೆ ನಮಗೆ ತೋಚಲೇ ಇಲ್ಲ.

ಅದಾದ್ಮೇಲೆ ಎರಡು ವರ್ಷ ಮನೆ ಹುಡುಕಿದ್ದೇ ಹುಡುಕಿದ್ದು, ಮೊದ್ಲು ಬಾಡಿಗೆಗೆ, ಆಮೇಲೆ ತೆಗೊಳ್ಳಿಕ್ಕೆ. ಸುರತ್ಕಲ್‌ನಿಂದ ತೊಕ್ಕೊಟ್ಟುವರೆಗೆ, ಆ ಕಡೆ ಉಡುಪಿ, ಮಲ್ಪೆವರೆಗೂ ಹೋಗಿ ಬಂದಿದ್ದೇನೆ. ಅಷ್ಟು ತಿರುಗಿ ಕಲ್ತದ್ದನ್ನು ಇಲ್ಲಿ ಒಂದೊಂದಾಗಿ ಬರೀತೇನೆ. ಹೊರಗಿನವರಿಗೆ ಮೊದ್ಲೇ ಹೇಳ್ತೇನೆ, ತೋಡು ಅಂದ್ರೆ ಸಣ್ಣ ಹಳ್ಳ, ಬರೆ ಅಂದ್ರೆ ಗುಡ್ಡದ ಕಡಿದಾದ ಮಣ್ಣಿನ ಬದಿ. ವಾಸ್ತು, ಪಾರ್ಕಿಂಗ್, ಮಾಡ್ಯುಲರ್ ಕಿಚನ್ ಬಗ್ಗೆ ಹೇಳ್ಲಿಕ್ಕೆ ಬೇಕಾದಷ್ಟು ಜನ ಇದ್ದಾರೆ, ಅದು ನನ್ನ ಸಬ್ಜೆಕ್ಟ್ ಅಲ್ಲ.

ಮೊದಲ ಕೆಲಸ: ಯಾವಾಗ ನೋಡುದು ಅಂತ ಡಿಸೈಡ್ ಮಾಡಿ

ಮೇ ಕೊನೆಗೆ ಬರುವ ಪತ್ತನಾಜೆ ಕಳೀಲಿ, ಕೋಲ ನೇಮ ಎಲ್ಲ ಮುಗೀಲಿ, ಮಳೆ ಸರಿ ಹಿಡೀಲಿ, ಆಮೇಲೆ ಮನೆ ನೋಡ್ಲಿಕ್ಕೆ ಹೊರಡಿ. ಜುಲೈ ಆದ್ರೆ ಇನ್ನೂ ಒಳ್ಳೇದು, ಜುಲೈ ನಡುವಿನಿಂದ ಶುರುವಾಗುವ ಆಟಿ ತಿಂಗಳಲ್ಲಿ ಹೇಗೂ ಯಾರೂ ಹೊಸ ಮನೆ ವಿಷಯಕ್ಕೆ ಕೈ ಹಾಕುದಿಲ್ಲ, ಓನರ್ ಸ್ವಲ್ಪ ಮೆತ್ತಗೆ ಮಾತಾಡ್ತಾರೆ, ರೇಟಿನಲ್ಲೂ ಚೂರು ಇಳೀತಾರೆ. ಬೆಂಗಳೂರಿಂದ ಬರುವವರಿಗೆ ನಮ್ಮ ಮಳೆಯ ಅಂದಾಜೇ ಇರುದಿಲ್ಲ, ಅಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರೀತದೆ. ಜನವರಿಯಲ್ಲಿ ನೋಡಿದ್ರೆ ಕರಾವಳಿಯ ಯಾವ ಮನೆಯೂ ಕೆಟ್ಟದಾಗಿ ಕಾಣುದಿಲ್ಲ. ಇನ್ನು ಬಾವಿ ವಿಷಯಕ್ಕೆ ಏಪ್ರಿಲ್ ಕೊನೆಗೆ ಇನ್ನೊಂದು ಸಲ ಹೋಗ್ಬೇಕು, ಅದನ್ನು ಮುಂದೆ ಹೇಳ್ತೇನೆ. ತೆಗೊಳ್ಳುವವರಂತೂ ಈ ಎರಡೂ ಸೀಸನ್ ನೋಡದೆ ಅಗ್ರಿಮೆಂಟಿಗೆ ಸೈನ್ ಹಾಕ್ಬೇಡಿ, ಎರಡು ಮೂರು ತಿಂಗಳು ತಡ ಆದ್ರೆ ಆಗ್ಲಿ.

ಅಷ್ಟು ಟೈಮ್ ಇಲ್ಲ, ಮುಂದಿನ ವಾರ ಡ್ಯೂಟಿಗೆ ಜಾಯಿನ್ ಆಗ್ಬೇಕು ಅನ್ನುವವರು ಕೆಳಗಿನದ್ದನ್ನು ಇನ್ನೂ ಸರಿಯಾಗಿ ಓದಿ.

ಜಾಗದ ಹೆಸರು ಕೇಳಿ, ಪಹಣಿ ತೆಗೀರಿ

ನಮ್ಮ ಊರಿನಲ್ಲಿ ಅರ್ಧ ವಿಷಯ ಜಾಗದ ಹೆಸರಲ್ಲೇ ಉಂಟು. ಹಿಂದೆ ಗದ್ದೆಯನ್ನು ಮೂರು ಥರ ಹೇಳ್ತಿದ್ರು, ಬೈಲು, ಮಜಲು, ಬೆಟ್ಟು. ಬೈಲು ಅಂದ್ರೆ ತೀರಾ ತಗ್ಗಿನದ್ದು, ನೀರು ಯಾವಾಗಲೂ ಇರುವಂಥದ್ದು, ಮೂರು ಬೆಳೆ ತೆಗೀಬಹುದಿತ್ತು. ಮಜಲು ಅದಕ್ಕಿಂತ ಸ್ವಲ್ಪ ಎತ್ತರ, ಎರಡು ಬೆಳೆ. ಬೆಟ್ಟು ಮಳೆ ನೀರನ್ನೇ ನಂಬಿದ ಒಂದು ಬೆಳೆಯ ಗದ್ದೆ. ಈಗ ನೀವೇ ನೋಡಿ, ಕೊಡಿಯಾಲ್‌ಬೈಲು, ಗುಂಡಿಬೈಲು, ಬೈಲಕೆರೆ! ಬೈಲು ಸಾಲದು ಅಂತ ಗುಂಡಿಯೂ ಉಂಟು, ಕೆರೆಯೂ ಉಂಟು. ಕುದ್ರು ಅಂದ್ರೆ ನದಿ ನಡುವಿನ ದ್ವೀಪ, ಬೆಂಗ್ರೆ ಅಂದ್ರೆ ನದಿಗೂ ಕಡಲಿಗೂ ನಡುವೆ ಇರುವ ಮರಳಿನ ಪಟ್ಟಿ, ಸಂಕ ಅಂದ್ರೆ ತೋಡು ದಾಟುವ ಸೇತುವೆ. ಪದವು ಅಂದ್ರೆ ಎತ್ತರದಲ್ಲಿರುವ ಸಪಾಟು ಜಾಗ, ಅಲ್ಲಿ ನೆರೆ ಹೆದರಿಕೆ ಕಮ್ಮಿ, ಬೇರೆ ಹೆದರಿಕೆ ಉಂಟು.

ಒಂದು ಮಾತು, ಘಟ್ಟದ ಮೇಲಿನವರು ಬೆಟ್ಟು ಅಂದಕೂಡ್ಲೆ ಬೆಟ್ಟ ಅಂದ್ಕೊಳ್ತಾರೆ. ಅಲ್ಲ, ಅದೂ ಗದ್ದೆಯೇ. 2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿಯಲ್ಲಿ ಬೆಳಗಾಗುವಾಗ ಕಲ್ಸಂಕ, ಬೈಲಕೆರೆ, ಗುಂಡಿಬೈಲು, ಬನ್ನಂಜೆಯ ಜೊತೆ ಮಠದಬೆಟ್ಟುವಿನಲ್ಲೂ ನೀರು ನಿಂತಿತ್ತು. ಅಲ್ಲಿ ಹಿರಿಯರೇ "ಇಷ್ಟು ನೀರು ಕಂಡದ್ದಿಲ್ಲ" ಅಂತಿದ್ರು. ಹಾಗಾಗಿ ಹೆಸರು ಒಂದು ಸುಳಿವು ಮಾತ್ರ, ಸರ್ಟಿಫಿಕೇಟ್ ಅಲ್ಲ.

ಈಗಿನ ಲೇಔಟುಗಳಿಗೆ ಗಾರ್ಡನ್, ಎನ್‌ಕ್ಲೇವ್, ರೆಸಿಡೆನ್ಸಿ ಅಂತೆಲ್ಲ ಹೆಸರು ಇಡುದ್ರಿಂದ ಹಳೆ ಹೆಸರು ಸಿಗುದಿಲ್ಲ. ಆಗ ಸರ್ವೆ ನಂಬರ್ ತೆಗೊಂಡು ಪಹಣಿ ನೋಡಿ, ಕನ್ವರ್ಷನ್ ಆಗುವ ಮುಂಚಿನ ಹಳೇ ಪಹಣಿ. ನಮ್ಮ ಎರಡು ಜಿಲ್ಲೆಗಳಲ್ಲಿ ಅದರಲ್ಲಿ ನಂಜ, ಪುಂಜ, ಬಾಗಾಯ್ತು ಅಂತ ಇರ್ತದೆ. ನಂಜ ಅಂದ್ರೆ ಗದ್ದೆ, ಬಾಗಾಯ್ತು ಅಂದ್ರೆ ತೋಟ, ಪುಂಜ ಅಂದ್ರೆ ಒಣ ಜಾಗ. ನಂಜ ಅಂತ ಕಂಡ್ರೆ ಅಲ್ಲಿಗೆ ಬಿಡ್ಬೇಕು ಅಂತಲ್ಲ, ಆದ್ರೆ ಎಷ್ಟು ಮಣ್ಣು ತುಂಬಿಸಿದ್ದಾರೆ, ಯಾವ ವರ್ಷ ತುಂಬಿಸಿದ್ದು, ತುಂಬಿಸಿ ಎಷ್ಟು ಮಳೆಗಾಲ ಬಿಟ್ಟು ಪಾಯ ಹಾಕಿದ್ದಾರೆ, ಪಾಯ ಹಳೇ ನೆಲಕ್ಕೆ ಮುಟ್ಟಿದ್ಯಾ, ಇದನ್ನೆಲ್ಲ ಕೇಳ್ಲಿಕ್ಕೆ ನಿಮಗೆ ಕಾರಣ ಸಿಕ್ಕಿತು. ದಿಶಾಂಕ್ ಆ್ಯಪ್ ಫೋನಿಗೆ ಹಾಕೊಂಡು ಜಾಗದಲ್ಲೇ ನಿಂತು ನೋಡಿದ್ರೆ ಸರ್ವೆ ನಂಬರ್ ತೋರಿಸ್ತದೆ, ಪಕ್ಕದಲ್ಲಿ ತೋಡು, ಕೆರೆ, ಖರಾಬು ಇದ್ರೆ ಅದೂ ಗೊತ್ತಾಗ್ತದೆ. ಇನ್ನು ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಓಪನ್ ಮಾಡಿ ಹಳೇ ವರ್ಷದ ಸ್ಯಾಟಲೈಟ್ ಫೋಟೋಗಳಿಗೆ ಹೋಗಿ. ನಾವು ಹೆಚ್ಚು ಕಮ್ಮಿ ಫೈನಲ್ ಮಾಡಿದ್ದ ಒಂದು ಸೈಟ್ ಹಳೇ ಫೋಟೋದಲ್ಲಿ ಹಸಿರು ಗದ್ದೆ, ನಡುವೆ ಬಳಕುವ ತೋಡು. ಹೊಸ ಫೋಟೋದಲ್ಲಿ ತೋಡು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ, ಅಗಲ ಅರ್ಧ. ಬ್ರೋಕರ್ ಹತ್ರ ಕೇಳಿದ್ರೆ "ಅದು ಡ್ರೈನೇಜ್ ಸರ್, ಡೆವಲಪ್ ಮಾಡಿದ್ದು" ಅಂದ್ರು.

ತೋಡಿನ ಜೊತೆ ಒಂದು ಕಿಲೋಮೀಟರ್ ನಡೀರಿ

ಇದನ್ನು ಯಾರೂ ಮಾಡುದಿಲ್ಲ, ನನ್ನ ಪ್ರಕಾರ ಇಡೀ ಲಿಸ್ಟಿನಲ್ಲಿ ಇದೇ ಮುಖ್ಯ. ಮನೆಗೆ ಹತ್ರದ ತೋಡು ಯಾವುದು ಅಂತ ಹುಡುಕಿ, ನೀರು ಹೋಗುವ ದಿಕ್ಕಿಗೆ ಹೋಗಿ. ಕೊಡೆ ಹಿಡ್ಕೊಂಡು ಹೋದ್ರೆ ಹುಚ್ಚ ಅಂದ್ಕೊಳ್ತಾರೆ, ಅಂದ್ಕೊಳ್ಳಲಿ. ನೋಡ್ಬೇಕಾದ್ದು ಇಷ್ಟು: ಮುಂದೆ ಹೋದಹಾಗೆ ತೋಡು ಅಗಲ ಆಗ್ತದಾ ಸಪೂರ ಆಗ್ತದಾ. ನ್ಯಾಯವಾಗಿ ಅಗಲ ಆಗ್ಬೇಕು, ನೀರು ಸೇರ್ತಾ ಹೋಗುದಲ್ವಾ. ಆದ್ರೆ ಊರೊಳಗೆ ಹೆಚ್ಚಿನ ಕಡೆ ಉಲ್ಟಾ, ಒಬ್ಬರು ಕಾಂಪೌಂಡ್ ಸ್ವಲ್ಪ ಹೊರಗೆ ಹಾಕಿರ್ತಾರೆ, ಇನ್ನೊಬ್ಬರು ಮೇಲೆ ಸ್ಲ್ಯಾಬ್ ಹಾಕಿ ಬೈಕ್ ನಿಲ್ಲಿಸಿರ್ತಾರೆ, ರಸ್ತೆ ಅಡಿಯ ಮೋರಿಯ ಬಾಯಿಗೆ ಬಾಟ್ಲಿ, ಥರ್ಮಾಕೋಲು, ತೆಂಗಿನ ಗರಿ ಸಿಕ್ಕೊಂಡಿರ್ತದೆ, ಅದರ ನಡುವೆ ನೀರಿನ ಪೈಪ್ ಬೇರೆ ಅಡ್ಡ ಹಾಯಿಸಿರ್ತಾರೆ. ಆ ಬಾಯಿ ಎಲ್ಲಿ ಕಟ್ತದೋ ಅಲ್ಲಿಂದ ಹಿಂದಿನ ಮನೆಗಳಿಗೆ ನೀರು. ನಿಮ್ಮ ಮನೆ ಅದಕ್ಕಿಂತ ಹಿಂದೆ ಉಂಟಾ ಮುಂದೆ ಉಂಟಾ ಅಂತ ನೋಡಿ.

ಇನ್ನೊಂದು, ಮಂಗಳೂರಿನ ತೋಡುಗಳ ನೀರು ಕಡೆಗೆ ನೇತ್ರಾವತಿಗೋ ಫಲ್ಗುಣಿಗೋ ಸೇರ್ಬೇಕು, ಆ ಎರಡೂ ಅಳಿವೆಬಾಗಿಲಿನಲ್ಲಿ ಕಡಲಿಗೆ ಸೇರ್ತವೆ. ಕಡಲು ದಿನಕ್ಕೆ ಎರಡು ಸಲ ಉಬ್ಬರ ಬರ್ತದೆ. ಆ ಹೊತ್ತಿಗೇ ಜೋರು ಮಳೆ ಹೊಡೆದ್ರೆ ನದಿ ನೀರಿಗೆ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ತೋಡಿನದ್ದಕ್ಕೂ ಇಲ್ಲ, ಬಚ್ಚಲಿಂದ ಮೇಲೆ ಬರ್ತದೆ. ನಮ್ಮ ಮನೆಯಲ್ಲಿ ಕೋಲು ಹಾಕಿದ್ದಕ್ಕೆ ಹೋಗದೆ ಇದ್ದದ್ದು ಕೂದಲಿನಿಂದ ಅಲ್ಲ. ಜೆಪ್ಪಿನಮೊಗರು ಥರದ ನದಿ ಬದಿಯ ತಗ್ಗಿನಲ್ಲಿ ಮನೆ ನೋಡುವವರು ಉಬ್ಬರದ ಟೈಮ್ ನೋಡ್ಕೊಂಡು, ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಒಂದು ಸಲ ಹೋಗಿ, ತೋಡಿನ ನೀರು ಹಿಂದೆ ಹರಿಯುದು ಕಣ್ಣಿಗೆ ಕಾಣ್ತದೆ.

ಬಂಟ್ವಾಳ, ಪಾಣೆಮಂಗಳೂರು ಕಡೆ ಹೋಗುವವರು 1974ರ ನೆರೆ ಬಗ್ಗೆ ಕೇಳಿ. ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೋಡೆ ಮುಟ್ಟಿ ತೋರಿಸುವ ಹಿರಿಯರು ಇನ್ನೂ ಇದ್ದಾರೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ ಅಂತ ಪೇಪರಿನವರು ಬರಿಯುದು 8.5 ಮೀಟರ್, ಮಳೆಗಾಲದಲ್ಲಿ ಆ ನಂಬರ್ ಸುದ್ದಿಯಲ್ಲಿ ಬಂದಾಗ ನಿಮ್ಮ ಮನೆ ಇರುವ ಓಣಿಗೆ ಎಂತ ಆಗ್ತದೆ ಅಂತ ಕೇಳಿಟ್ಕೊಳ್ಳಿ.

ಮನೆಯೊಳಗೆ ಹೋದ್ಮೇಲೆ

ಟೈಲ್ಸ್ ನೋಡ್ಬೇಡಿ, ಗೋಡೆಯ ಕೆಳಗಿನ ಮೂರಡಿ ನೋಡಿ. ಕೆಳಗೆ ಮಾತ್ರ ಹೊಸ ಪೇಂಟ್ ಆಗಿದ್ರೆ, ಬಾಗಿಲಿನ ದಾರಂದದ ಬುಡ ಕಪ್ಪಾಗಿ ಉಬ್ಬಿದ್ರೆ, ಪ್ಲೈವುಡ್ ಕಪಾಟಿನ ಕಾಲಿಗೆ ಪದರ ಎದ್ದಿದ್ರೆ, ಸ್ವಿಚ್ ಬೋರ್ಡೆಲ್ಲ ಬೇಕಂತಲೇ ಎತ್ತರಕ್ಕೆ ಹಾಕಿದ್ರೆ, ಅದು ಕಥೆ ಹೇಳ್ತದೆ. ಕಾಂಪೌಂಡಿನ ಹೊರಗಡೆ ಪಾಚಿಯ ಗೆರೆ ಎಷ್ಟು ಎತ್ತರ ಉಂಟು ನೋಡಿ, ಒಳಗಡೆ ಪೇಂಟ್ ಹೊಡೀತಾರೆ, ಹೊರಗಡೆ ಹೆಚ್ಚಿನವರು ಬಿಡ್ತಾರೆ.

ರಸ್ತೆಗೂ ಮನೆ ಅಂಗಳಕ್ಕೂ ಎತ್ತರ ಹೋಲಿಸಿ. ಮಂಗಳೂರಿನಲ್ಲಿ ಒಂದೊಂದೇ ರಸ್ತೆ ಕಾಂಕ್ರೀಟ್ ಆಗ್ತಾ ಅರ್ಧ ಅಡಿ ಒಂದಡಿ ಮೇಲೆ ಬಂದಿದೆ, ಮೂವತ್ತು ವರ್ಷ ಹಳೇ ಮನೆಯ ಗೇಟು ಈಗ ರಸ್ತೆಗಿಂತ ಕೆಳಗೆ. ರಸ್ತೆಯ ನೀರು ಚರಂಡಿಗೆ ಹೋಗುವ ಬದಲು ಸೀದಾ ಅಂಗಳಕ್ಕೆ ಇಳೀತದೆ.

ಉಡುಪಿಯಲ್ಲಿ ಒಂದು ಮನೆ ನೋಡ್ಲಿಕ್ಕೆ ಹೋಗಿದ್ವಿ, ಓನರ್ ತುಂಬ ಒಳ್ಳೆಯವರು, ಚಾ ಕೊಟ್ರು, "ಇಲ್ಲಿ ನೀರಿನ ಪ್ರಾಬ್ಲಮ್ ಏನೂ ಇಲ್ಲ" ಅಂತ ನಾವು ಕೇಳುವ ಮೊದ್ಲೇ ಹೇಳಿದ್ರು. ಅಡುಗೆಮನೆಯಲ್ಲಿ ಫ್ರಿಜ್ ಇದ್ದದ್ದು ಎರಡು ಕೆಂಪು ಕಲ್ಲಿನ ಮೇಲೆ. ವಾಷಿಂಗ್ ಮೆಷಿನ್ ಕೂಡ. ಅಕ್ಕಿ ಡಬ್ಬ ಅಟ್ಟದ ಮೇಲೆ. ಹೊರಗೆ ಬಂದು ಪಕ್ಕದ ಮನೆಯಲ್ಲಿ ಬೀಡಿ ಕಟ್ತಾ ಕೂತಿದ್ದ ಒಬ್ಬರು ಅಮ್ಮನ ಹತ್ರ ಕೇಳಿದೆ, "ಅಮ್ಮ, ಮಳೆಗಾಲದಲ್ಲಿ ಇಲ್ಲಿ ನೀರು ಬರ್ತದಾ?"

"ಇಲ್ಲ ಮಗ, ಬರುದಿಲ್ಲ" ಅಂದ್ರು. ಸ್ವಲ್ಪ ಹೊತ್ತು ಎಲೆ ಕತ್ತರಿಸಿ ಆದ್ಮೇಲೆ, "ಬಂದ್ರೂ ಮೊಣಕಾಲಿಗಿಂತ ಮೇಲೆ ಬರುದಿಲ್ಲ."

ಅವರು ಸುಳ್ಳು ಹೇಳಿದ್ದಲ್ಲ, ಅವರಿಗೆ ಮೊಣಕಾಲಿನವರೆಗಿನದ್ದು ಲೆಕ್ಕಕ್ಕೇ ಇಲ್ಲ. ಅದಕ್ಕೆ ನಾನು ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ. ನೀರು ಬರ್ತದಾ ಅಂತ ಕೇಳ್ಬೇಡಿ, "2018ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? 2020ರಲ್ಲಿ? ಎಷ್ಟು ಗಂಟೆ ನಿಂತಿತ್ತು? ಗಾಡಿ ಎಲ್ಲಿ ತೆಗೆದಿಟ್ರಿ?" ಅಂತ ಕೇಳಿ. ಕೊನೆಯ ಪ್ರಶ್ನೆಗೆ ಎಲ್ಲರೂ ಸತ್ಯ ಹೇಳ್ತಾರೆ. ಕೇಳ್ಬೇಕಾದ್ದು ಓನರ್ ಹತ್ರ ಅಲ್ಲ, ಪಕ್ಕದ ಮನೆಯವರು, ಹಾಲು ಹಾಕುವವರು, ಮೂಲೆಯ ಗೂಡಂಗಡಿ, ರಿಕ್ಷಾ ಪಾರ್ಕಿನವರು. ರಿಕ್ಷಾದವರಿಗೆ ಯಾವ ರಸ್ತೆಯಲ್ಲಿ ಸೈಲೆನ್ಸರಿಗೆ ನೀರು ಹೋಗ್ತದೆ ಅಂತ ಬಾಯಿಪಾಠ ಇರ್ತದೆ.

ಫ್ಲ್ಯಾಟ್ ಆದ್ರೆ ನಾಲ್ಕನೇ ಮಾಳಿಗೆಯಲ್ಲಿದ್ದೇವೆ ಅಂತ ಆರಾಮ ಇರ್ಬೇಡಿ. ಕೆಳಗೆ ಬೇಸ್‌ಮೆಂಟಿನಲ್ಲಿ ಕರೆಂಟ್ ಪ್ಯಾನೆಲ್, ಜನರೇಟರ್, ಸಂಪು, ಲಿಫ್ಟಿನ ಗುಂಡಿ ಎಲ್ಲ ಇರ್ತದೆ. ನೀರು ಅಲ್ಲಿ ಹೋದ್ರೆ ಮೇಲಿನವರಿಗೆ ಲಿಫ್ಟಿಲ್ಲ, ಕರೆಂಟಿಲ್ಲ, ಕುಡೀಲಿಕ್ಕೆ ನೀರೂ ಇಲ್ಲ. ಪಂಪ್ ಎಷ್ಟು ಉಂಟು, ಅದಕ್ಕೆ ಕರೆಂಟ್ ಎಲ್ಲಿಂದ ಅಂತ ವಾಚ್‌ಮ್ಯಾನ್ ಹತ್ರ ಕೇಳಿ.

ಗುಡ್ಡದ ಬದಿಯ ಮನೆ: ಹಿಂದಿನ ಬರೆ ನೋಡದೆ ಮುಂದಿನ ವ್ಯೂ ನೋಡ್ಬೇಡಿ

ನೆರೆಗೆ ಹೆದರಿ ಎಲ್ಲರೂ ಗುಡ್ಡ ಹತ್ತಿದ್ದಾರೆ ಈಗ. ಗುಡ್ಡ ಕಡಿದು ಸಪಾಟು ಮಾಡಿ ಐದೈದು ಸೆಂಟ್ಸ್ ಸೈಟ್. ನಮ್ಮ ಗುಡ್ಡಗಳ ರಚನೆ ಹೇಗೆ ಅಂದ್ರೆ ಮೇಲೆ ಮುರಕಲ್ಲಿನ (ಕೆಂಪು ಕಲ್ಲಿನ) ಗಟ್ಟಿ ಪದರ, ಅದರ ಅಡಿಯಲ್ಲಿ ಶೇಡಿ ಮಣ್ಣು. ಬಿಳಿ, ಹಳದಿ, ಕೆಲವು ಕಡೆ ಗುಲಾಬಿ ಬಣ್ಣದ್ದು, ಬೆರಳಲ್ಲಿ ಉಜ್ಜಿದ್ರೆ ಪೌಡರ್ ಥರ ನುಣುಪು. ಒಣಗಿದಾಗ ಹಾರೆ ಹಾಕಿದ್ರೂ ಸುಲಭಕ್ಕೆ ಬರುದಿಲ್ಲ, ಜೆಸಿಬಿಯಲ್ಲಿ ಗೋಡೆ ಹಾಗೆ ನೆಟ್ಟಗೆ ಕಡಿದ್ರೂ ಮಾರ್ಚಿನಲ್ಲಿ ನಿಂತಿರ್ತದೆ. ನೀರು ಕುಡಿದ್ಮೇಲೆ ಅದರ ಶಕ್ತಿಯೇ ಹೋಗ್ತದೆ, ಜರೀತದೆ, ಮೇಲಿನ ಕಲ್ಲು ಮರ ಎಲ್ಲ ಒಟ್ಟಿಗೆ ತೆಗೊಂಡು ಬರ್ತದೆ. ಬರೆಯಲ್ಲಿ ಕೆಂಪಿನ ಕೆಳಗೆ ಬಿಳಿ ಹಳದಿ ಪಟ್ಟಿ ಕಾಣ್ತಾ ಉಂಟು, ಬರೆ ನೆಟ್ಟಗೆ ಉಂಟು, ಮನೆ ಅದರಿಂದ ಹತ್ತಡಿಯೊಳಗೆ ಉಂಟು ಅಂತಾದ್ರೆ ನಾನಾದ್ರೆ ಚಾ ಕೂಡ ಕುಡಿಯದೆ ವಾಪಸ್ ಬರ್ತೇನೆ.

ಮೇಲಿನ ಮನೆಯವರ ಕಾಂಪೌಂಡ್ ನೋಡುದು ಎಲ್ಲರೂ ಮರೆಯುವ ವಿಷಯ. 2024ರ ಜೂನಿನಲ್ಲಿ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಕಾಂಪೌಂಡ್ ಗೋಡೆ ಮನೆ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ಕು ಜನ ಹೋದ್ರು. ಮರುವರ್ಷ ಮೇ ಕೊನೆಗೆ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿ, ಮೊಮ್ಮಕ್ಕಳು. ಮೇ ತಿಂಗಳಿನಲ್ಲಿ! ಕ್ಯಾಲೆಂಡರ್ ಲೆಕ್ಕದ ಮಳೆಗಾಲ ಶುರು ಆಗುವ ಮೊದ್ಲೇ.

ಹಾಗಾಗಿ ಮೇಲೆ ಹತ್ತಿ ನೋಡಿ. ತಡೆಗೋಡೆಯಲ್ಲಿ ನೀರು ಹೊರಗೆ ಬರ್ಲಿಕ್ಕೆ ಪೈಪಿನ ತೂತು ಇಟ್ಟಿದ್ದಾರಾ, ಮಳೆ ಬರುವಾಗ ಅದರಲ್ಲಿ ನೀರು ಬರ್ತದಾ. ತೂತು ಉಂಟು ಆದ್ರೆ ಜೋರು ಮಳೆಗೂ ಒಣ ಅಂದ್ರೆ ಹಿಂದೆ ನೀರು ಕಟ್ಟಿಕೊಂಡಿರ್ಲಿಕ್ಕೆ ಸಾಕು. ಗೋಡೆಗೆ ಹೊಟ್ಟೆ ಬಂದಿದ್ಯಾ, ಮೇಲಿನ ಮರ ವಾಲಿದ್ಯಾ, ನೆಲದಲ್ಲಿ ಬರೆಗೆ ಸಮಾನಾಂತರವಾಗಿ ಬಿರುಕು ಉಂಟಾ, ಮೇಲಿನ ಮನೆಯ ಟೆರೇಸ್ ನೀರು, ಬಚ್ಚಲು ನೀರು ಎಲ್ಲಿ ಬಿಟ್ಟಿದ್ದಾರೆ. ಹೊಸದಾಗಿ ಗುಡ್ಡ ಕಡಿದ ಜಾಗಕ್ಕೆ ಕನಿಷ್ಠ ಎರಡು ಮಳೆಗಾಲ ಕಳೀಲಿ, ತೆಗೊಳ್ಳುವುದಾದ್ರೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರ್ಕೊಂಡು ಹೋಗಿ. ಅವರ ಫೀಸ್ ನೋಡಿದ್ರೆ ರಿಜಿಸ್ಟ್ರೇಷನ್ ಖರ್ಚಿನ ಮುಂದೆ ಏನೂ ಅಲ್ಲ.

ಕಡಲ ಬದಿ

ಕಡಲ್ಕೊರೆತ ಅಂದ್ರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲದವರಿಗೆ ಹೇಳಿಕೊಡ್ಬೇಕಾಗಿಲ್ಲ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದ ಟೈಮಲ್ಲಿ ಮನೆ, ತೆಂಗಿನ ಮರ, ರಸ್ತೆ ಕಡಲಿಗೆ ಹೋದದ್ದನ್ನು ಎಲ್ಲರೂ ವಿಡಿಯೋದಲ್ಲಿ ನೋಡಿದ್ದೇವೆ. ಕಲ್ಲು ಹಾಕಿದ್ದಾರಲ್ಲ, ಇನ್ನು ಹೆದರಿಕೆ ಇಲ್ಲ ಅಂತ ಹೇಳ್ತಾರೆ. ಒಂದು ಕಡೆ ಕಲ್ಲು ಹಾಕಿದ್ರೆ ಅಲೆಯ ಪೆಟ್ಟು ಪಕ್ಕಕ್ಕೆ ಹೋಗುದೂ ಉಂಟು, ಕಲ್ಲಿನ ಸಾಲು ಮುಗಿಯುವ ಜಾಗದ ಆಚೆ ಮನೆ ಇದ್ರೆ ಜಾಸ್ತಿ ಜಾಗ್ರತೆ. ಇಲ್ಲಿಯೂ ಹಳೇ ಸ್ಯಾಟಲೈಟ್ ಫೋಟೋ ಇಟ್ಟು ಮನೆಯಿಂದ ಕಡಲಿಗೆ ಎಷ್ಟು ಮೀಟರ್ ಇತ್ತು, ಈಗ ಎಷ್ಟು ಉಂಟು ಅಂತ ಅಳೀರಿ. ಮಳೆಗಾಲದ ಫೋಟೋ ಮಳೆಗಾಲದ್ದಕ್ಕೆ, ಬೇಸಿಗೆಯದ್ದು ಬೇಸಿಗೆಯದ್ದಕ್ಕೆ ಹೋಲಿಸಿ, ಯಾಕಂದ್ರೆ ಮಳೆಗಾಲದಲ್ಲಿ ಹೋದ ಮರಳು ಬೇಸಿಗೆಗೆ ಸ್ವಲ್ಪ ವಾಪಸ್ ಬರ್ತದೆ.

ಸಿಆರ್‌ಝಡ್ (ಕಡಲ ಬದಿ ಕಟ್ಟುವುದಕ್ಕೆ ಇರುವ ನಿರ್ಬಂಧದ ನಿಯಮ) ವಿಷಯ ಲಾಯರ್ ಹತ್ರ ಬರಹದಲ್ಲಿ ತೆಗೊಳ್ಳಿ. ಕಡಲ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಇದರ ವ್ಯಾಪ್ತಿ, ಉಪ್ಪು ನೀರು ಬರುವ ನದಿ ಬದಿಗೂ ಅನ್ವಯ ಆಗ್ತದೆ. 2011ರ ಅಧಿಸೂಚನೆಯಲ್ಲಿ ನದಿ ಬದಿಗೆ 100 ಮೀಟರ್ ಇದ್ದದ್ದು 2019ರದ್ದರಲ್ಲಿ 50 ಮೀಟರ್‌ಗೆ ಇಳಿದಿದೆ, ನದಿಯ ಅಗಲ ಅದಕ್ಕಿಂತ ಕಮ್ಮಿ ಇದ್ರೆ ಆ ಅಗಲದಷ್ಟೇ. ಕಾನೂನು ಪ್ರಕಾರ ಕಟ್ಬಹುದು ಅನ್ನುದು ಬೇರೆ, ಅಲ್ಲಿಗೆ ನೀರು ಬರುದಿಲ್ಲ ಅನ್ನುದು ಬೇರೆ, ಬ್ರೋಕರ್‌ಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳ್ತಾರೆ.

ಉಪ್ಪು ಗಾಳಿಗೆ ಕಬ್ಬಿಣ ಉಳಿಯುದಿಲ್ಲ. ಹಳೇ ಫ್ಲ್ಯಾಟಿನ ಬಾಲ್ಕನಿ ಅಡಿಭಾಗ, ಸನ್‌ಶೇಡ್ ನೋಡಿ, ಸಿಮೆಂಟ್ ಉದುರಿ ಕಂಬಿ ಕಂಡ್ರೆ ಅದು ರಿಪೇರಿ ಅಲ್ಲ, ಪ್ರತಿ ನಾಲ್ಕೈದು ವರ್ಷಕ್ಕೊಂದು ಖರ್ಚು.

ಏಪ್ರಿಲ್ ಕೊನೆಗೆ ಬಾವಿಗೆ ಇಣುಕಿ

ಇಷ್ಟು ಮಳೆ ಬರುವ ಊರಿನಲ್ಲಿ ನೀರಿಗೆ ಬರ ಅಂದ್ರೆ ಹೊರಗಿನವರು ನಂಬುದಿಲ್ಲ. ಮಂಗಳೂರು ಸಿಟಿಗೆ ತುಂಬೆ ಡ್ಯಾಮಿನ ನೀರು, ಉಡುಪಿಗೆ ಸ್ವರ್ಣಾ ನದಿಯ ಬಜೆ ಡ್ಯಾಮಿನದ್ದು. 2019ರಲ್ಲಿ, ಮತ್ತೆ 2023ರಲ್ಲಿ ಎರಡೂ ಕಡೆ ಬೇಸಿಗೆಯಲ್ಲಿ ನೀರಿಗೆ ಪರದಾಟ, ಸಿಟಿಯಲ್ಲಿ ರೇಷನ್ ಮಾಡಿ ಬಿಟ್ರು. ನಳ್ಳಿ ಉಂಟು ಅಂದಾಕ್ಷಣ ಮುಗೀಲಿಲ್ಲ, ಮೇ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ಬರ್ತದೆ, ಟ್ಯಾಂಕರ್ ಬರುವಷ್ಟು ರಸ್ತೆ ಅಗಲ ಉಂಟಾ ಅಂತ ಕೇಳಿ.

ಬಾವಿ ಇರುವ ಮನೆಗೆ ನಾನು ಈಗಲೂ ಎರಡು ಮಾರ್ಕ್ ಜಾಸ್ತಿ ಕೊಡ್ತೇನೆ. ಆದ್ರೆ ಎಳ್ಕೊಂಡ ನೀರನ್ನು ಬಾಯಿಗೆ ಹಾಕಿ ನೋಡಿ. ನದಿ ಕಡಲು ಹತ್ರ ಇದ್ರೆ ಏಪ್ರಿಲ್ ಮೇಯಲ್ಲಿ ಉಪ್ಪಾಗ್ತದೆ, ಜನವರಿಯಲ್ಲಿ ಸಕ್ಕರೆ ಹಾಗೆ ಇದ್ದ ನೀರೇ. ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಒಂದು ಟಿಡಿಎಸ್ ಮೀಟರ್ ಆನ್‌ಲೈನ್‌ನಲ್ಲಿ ತರಿಸಿ ಕಿಸೆಯಲ್ಲಿ ಇಟ್ಕೊಳ್ಳಿ. ಕುಡಿಯುವ ನೀರಿಗೆ 500ರ ಒಳಗೆ ಇರ್ಬೇಕು ಅಂತ ಲೆಕ್ಕ, ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಅದಕ್ಕಿಂತ ಬಹಳ ಕಮ್ಮಿ ಇರ್ತದೆ, ಏಕಾಏಕಿ ಜಾಸ್ತಿ ತೋರಿಸಿದ್ರೆ ಉಪ್ಪು ನುಗ್ಗಿದೆ ಅಂತ ಅನುಮಾನ ಮಾಡಿ. ಕಮ್ಮಿ ತೋರಿಸಿತು ಅಂತ ಕುಡಿಯುವಂತೆಯೂ ಇಲ್ಲ, ಆ ಮೀಟರಿಗೆ ಕೊಳಚೆ ಗೊತ್ತಾಗುದಿಲ್ಲ. ಒಳಚರಂಡಿ ಇಲ್ಲದ ಕಡೆ ಎಲ್ಲರದ್ದೂ ಸೆಪ್ಟಿಕ್ ಟ್ಯಾಂಕ್, ಸೋಕ್ ಪಿಟ್. ಅದರಿಂದ ಬಾವಿಗೆ 18 ಮೀಟರ್ ದೂರ ಬೇಕು ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನಿಯಮ. ಐದು ಸೆಂಟ್ಸ್ ಸೈಟಿನ ಒಂದು ಬದಿ ಅಂದಾಜು 14 ಮೀಟರ್, ಆಚೆ ಈಚೆ ಮನೆಯವರದ್ದೂ ಹಾಗೇ. ಎಲ್ಲಿಂದ 18 ತರುದು? ಅದಕ್ಕೆ ಲ್ಯಾಬಿನಲ್ಲಿ ಇ-ಕೋಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಟೆಸ್ಟ್ ಮಾಡಿಸಿ, 100 ಎಂಎಲ್ ನೀರಿನಲ್ಲಿ ಒಂದೂ ಇರ್ಬಾರ್ದು. ಈ ಟೆಸ್ಟ್ ಮಾತ್ರ ಮಳೆಗಾಲದಲ್ಲಿ ಮಾಡಿಸ್ಬೇಕು, ಕೊಳಚೆ ಬಾವಿಗೆ ಸೇರುದು ಆವಾಗಲೇ.

ನಾವು ಕಡೆಗೆ ತೆಗೊಂಡದ್ದು ಪದವಿನ ಮೇಲೆ. ನೆರೆ ಇಲ್ಲ, ಬರೆ ದೂರ. ಆದ್ರೆ ಏಪ್ರಿಲ್ 20 ಕಳೆದ್ರೆ ಬಾವಿಯ ತಳ ಕಾಣ್ತದೆ, ಟ್ಯಾಂಕರಿನವನ ನಂಬರ್ ಹೆಂಡ್ತಿಗೆ ಬಾಯಿಪಾಠ. ನಮ್ಮ ಬಜೆಟಿನಲ್ಲಿ ಎಲ್ಲ ಸರಿ ಇರುವ ಮನೆ ಸಿಗ್ಲಿಲ್ಲ, ಯಾವ ತೊಂದರೆ ಅಂತ ಮೊದ್ಲೇ ಗೊತ್ತಿದ್ದು ತೆಗೊಂಡ್ವಿ ಅಷ್ಟೆ.

ಗಾಳಿ, ವಾಸನೆ, ಸಿಡಿಲು

ಬೈಕಂಪಾಡಿ, ಪಣಂಬೂರು, ಕಾಟಿಪಳ್ಳ ಕಡೆ ಇಂಡಸ್ಟ್ರಿ, ಪಡುಬಿದ್ರಿ ಹತ್ರ ಎಲ್ಲೂರಿನಲ್ಲಿ ಕಲ್ಲಿದ್ದಲಿನ ಕರೆಂಟ್ ಪ್ಲಾಂಟ್, ಮೀನಿನ ಬಂದರುಗಳ ಹತ್ರ ಫಿಶ್‌ಮೀಲ್ (ಮೀನಿನ ಹುಡಿ) ಫ್ಯಾಕ್ಟರಿ. ಹಗಲು ಹನ್ನೊಂದಕ್ಕೆ ಹೋಗಿ ವಾಸನೆ ಇಲ್ಲ ಅಂದ್ರೆ ಆಗುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಮೇಲೆ ಗಾಳಿ ಕಡಲಿಂದ ಮೂಡಕ್ಕೆ, ರಾತ್ರಿ ಉಲ್ಟಾ. ಎರಡೂ ಹೊತ್ತು ಹೋಗಿ ಹತ್ತು ನಿಮಿಷ ನಿಲ್ಲಿ, ಕಿಟಕಿಯ ದಂಡೆ ಮೇಲೆ ಬೆರಳು ಎಳೆದು ಧೂಳಿನ ಬಣ್ಣ ನೋಡಿ. ಕಸದ ಗುಡ್ಡೆ ಹತ್ರ ಇದ್ರೆ ವಾಸನೆ ಮಾತ್ರ ಅಲ್ಲ, 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸ ಜರಿದು ಮಂದಾರದಲ್ಲಿ ಮನೆ, ಅಡಿಕೆ ತೋಟ ಎಲ್ಲ ಮುಚ್ಚಿ ಹೋಯ್ತು.

ಸಿಡಿಲು ಏಪ್ರಿಲ್ ಮೇಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಜೋರು. ಅರ್ಥಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ, ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಹಾಕೊಳ್ಳಿ. ಮನೆ ಮೇಲೆ ವಾಲಿದ ತೆಂಗಿನ ಮರ ಯಾರದ್ದು ಅಂತಲೂ ಕೇಳಿಟ್ಕೊಳ್ಳಿ, ಪಕ್ಕದವರದ್ದಾದ್ರೆ ಕಡಿಸ್ಲಿಕ್ಕೆ ನಿಮ್ಮ ಆಯುಸ್ಸು ಸಾಲದು. ಟಾಪ್ ಫ್ಲೋರ್ ಆದ್ರೆ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಪಡು ಬದಿಯ ರೂಮಿನಲ್ಲಿ ಫ್ಯಾನ್ ಹಾಕದೆ ಐದು ನಿಮಿಷ ಕೂತು ನೋಡಿ, ಬೇರೆ ಟೆಸ್ಟ್ ಬೇಡ.

ಸೈನ್ ಹಾಕುವ ಮೊದ್ಲು

ಬಾಡಿಗೆಯವರು 11 ತಿಂಗಳ ಅಗ್ರಿಮೆಂಟಿನಲ್ಲಿ ಒಂದು ಲೈನ್ ಸೇರಿಸಿ: ಮನೆಯೊಳಗೆ ನೆರೆ ನೀರು ಬಂದ್ರೆ ಅಥವಾ ಬರೆ ಜರಿದು ಇರ್ಲಿಕ್ಕೆ ಆಗದಿದ್ರೆ ನೋಟಿಸ್ ಇಲ್ಲದೆ ಬಿಡಬಹುದು, ಡೆಪಾಸಿಟ್ ಪೂರ್ತಿ ವಾಪಸ್. ನನಗೆ ಆ ಲೈನ್ ಇರ್ಲಿಲ್ಲ, ನೀರಿಗೆ ಉಬ್ಬಿದ ಬಾಗಿಲಿನ ಲೆಕ್ಕ ಕೂಡ ಓನರ್ ನನ್ನ ಡೆಪಾಸಿಟಿನಿಂದಲೇ ಹಿಡ್ಕೊಂಡ್ರು. ಈ ಲೈನ್ ಹಾಕ್ಲಿಕ್ಕೆ ಓನರ್ ಒಪ್ಪುದೇ ಇಲ್ಲ ಅಂದ್ರೆ ಅದೂ ಒಂದು ಉತ್ತರವೇ.

ಹೊಸ ಫ್ಲ್ಯಾಟ್ ತೆಗೊಳ್ಳುವವರು ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ನಂಬರ್ ನೋಡಿ. ಕೀ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷ ಕಂಡು ನೀವು ತಿಳಿಸಿದ್ರೆ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿ ಮಾಡ್ಬೇಕು ಅಂತ ಕಾಯ್ದೆಯಲ್ಲೇ ಉಂಟು, ಮಳೆಗಾಲದಲ್ಲಿ ಗೋಡೆ ಸೋರಿದ್ರೆ ಬಾಯಲ್ಲಿ ಹೇಳ್ಬೇಡಿ, ಇಮೇಲ್ ಮಾಡಿ.

ಇನ್ಶೂರೆನ್ಸ್ ಬಗ್ಗೆ ನಮ್ಮಲ್ಲಿ ಯಾರೂ ಯೋಚನೆ ಮಾಡುದಿಲ್ಲ, ಬೈಕಿಗೆ ಮಾಡಿಸ್ತೇವೆ, ಮನೆಗಿಲ್ಲ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅಂತ ಒಂದೇ ಮಾದರಿಯ ಪಾಲಿಸಿ ಉಂಟು, ನೆರೆ, ಬಿರುಗಾಳಿ, ಸಿಡಿಲು, ಭೂಕುಸಿತ ಎಲ್ಲ ಸೇರ್ತದೆ, ಬಾಡಿಗೆಯವರು ಸಾಮಾನಿಗೆ ಮಾತ್ರವೂ ಮಾಡಿಸ್ಬಹುದು. ಆದ್ರೆ ಸಣ್ಣ ಅಕ್ಷರ ಓದಿ: ತುಂಬಿಸಿದ ಮಣ್ಣು ಕೂತು ಮನೆ ಬಿರುಕು ಬಿಟ್ರೆ ಇಲ್ಲ, ಕಡಲ್ಕೊರೆತ ನದಿಕೊರೆತಕ್ಕೆ ಇಲ್ಲ. ಅಂದ್ರೆ ಗದ್ದೆಗೆ ಮಣ್ಣು ಹಾಕಿ ಕಟ್ಟಿದ ಮನೆ, ಕಡಲ ದಂಡೆಯ ಮನೆ, ಈ ಎರಡಕ್ಕೆ ನಮ್ಮ ಊರಿನಲ್ಲಿ ಅತಿ ಹೆಚ್ಚು ಆಗುವ ತೊಂದರೆ ಯಾವುದೋ ಅದಕ್ಕೇ ದುಡ್ಡು ಬರುದಿಲ್ಲ. ಹಳೇ ಪಹಣಿಯಲ್ಲಿ ನಂಜ ಅಂತ ಬರೆದದ್ದಕ್ಕೆ ಇನ್ನೊಂದು ಅರ್ಥ ಇದು.

ಒಕ್ಕಲಾಗುವ ದಿನವೇ, ಸಾಮಾನು ಇಳಿಸುವ ಮೊದ್ಲು, ಖಾಲಿ ಮನೆಯ ಎಲ್ಲ ಗೋಡೆ, ಬಾಗಿಲಿನ ಬುಡ, ಮೀಟರ್ ಬೋರ್ಡ್, ಬಚ್ಚಲಿನ ತೂತು ಸಮೇತ ವಿಡಿಯೋ ಮಾಡಿ ಓನರ್‌ಗೂ ವಾಟ್ಸಾಪ್ ಮಾಡಿ. ಫೋನಿನಲ್ಲಿ ಎರಡು ನಂಬರ್ ಹಾಕಿಡಿ, ಜಿಲ್ಲಾ ಕಂಟ್ರೋಲ್ ರೂಮ್ 1077, ಮೆಸ್ಕಾಂ 1912. ನೀರು ಅಂಗಳಕ್ಕೆ ಬಂದಕೂಡ್ಲೆ ಮೊದ್ಲು ಮೇನ್ ಸ್ವಿಚ್ ಆಫ್ ಮಾಡುದು, ಫ್ರಿಜ್ ಎತ್ತುದು ಆಮೇಲೆ. ಬಚ್ಚಲಿಗೆ ಕೋಲು ಹಾಕ್ಲಿಕ್ಕೆ ಹೋಗ್ಬೇಡಿ.